ಸಪ್ತಾಪುರದ ಅಭ್ಯರ್ಥಿಗಳು

ಧಾರವಾಡದ ಸಪ್ತಾಪುರದಲ್ಲಿ ಅಭ್ಯರ್ಥಿ ಎಂದರೆ ಚುನಾವಣೆಗೆ ನಿಂತವರಲ್ಲ. ಪಿಎಸ್‌ಐ, ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುತ್ತಾ ಕೂತ ಹುಡುಗ ಹುಡುಗಿಯರು. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ ಕಡೆಯಿಂದ ಬಂದವರೇ ಜಾಸ್ತಿ. ಬೆಳಿಗ್ಗೆ ಐದೂವರೆಗೆ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋದರೆ ಮುಖ ಕಾಣುವ ಮೊದಲು ಉಸಿರು ಕೇಳುತ್ತದೆ. ಪೊಲೀಸ್ ಕೆಲಸಕ್ಕೆ ಬೇಕಾದ 1,600 ಮೀಟರ್ ಓಟದ ತಾಲೀಮು. ಏಳಕ್ಕೆ ಚಹಾ, ಒಂದೇ ಪೇಪರನ್ನು ಮೂವರು ಹಂಚಿಕೊಂಡು ಓದುವುದು. ಎಂಟಕ್ಕೆ ರೀಡಿಂಗ್ ರೂಮ್. ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಹಿಡಿದ ಕುರ್ಚಿ, ಮೂರು ಕಡೆ ಪ್ಲೈವುಡ್, ಮೊಬೈಲ್ ಚಾರ್ಜಿಗೆ ಒಂದು ಪ್ಲಗ್, ಕಣ್ಣೆದುರು ಅಂಟಿಸಿದ ಭಾರತದ ನಕ್ಷೆ.

ಇವರು ಸುದ್ದಿಯಾಗುವುದು ಬೀದಿಗೆ ಇಳಿದಾಗ ಮಾತ್ರ. ಆಗ ನೇಮಕಾತಿ, ಒಳಮೀಸಲಾತಿ, ವಯೋಮಿತಿ, ಯುವನಿಧಿ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಯಾವುದು ಯಾವುದಕ್ಕೆ ಗಂಟು ಬಿದ್ದಿದೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಓದಲು ಬಂದವರನ್ನು ಸಾಕುವುದು ಈ ಊರಿಗೆ ಹೊಸದೇನಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಸ್ವಾತಂತ್ರ್ಯ ಬಂದ ಹೊಸದರಲ್ಲಿ ವಿಶ್ವವಿದ್ಯಾಲಯ. ಕಾಲೇಜಿಗಾಗಿ ಅರಟಾಳ ರುದ್ರಗೌಡರಂಥವರು ಜನರಿಂದ ಹಣ ಕೂಡಿಸಿದ್ದರು. ಬಡ ಹುಡುಗರಿಗೆ ವಾರಕ್ಕೆ ಏಳು ಮನೆಯ ವಾರಾನ್ನ ಇತ್ತು. ಮುರುಘಾಮಠದಲ್ಲಿ ಪ್ರಸಾದ ನಿಲಯ ಇತ್ತು. ಈ ಅನ್ನದಲ್ಲಿ ಜಾತಿಯ ಲೆಕ್ಕ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಮಕ್ಕಳಿಗೆ ಆ ಬಾಗಿಲುಗಳು ತೆರೆಯಲೇ ಇಲ್ಲ. ತೆರೆದ ಕಡೆ ಮಾತ್ರ ಹುಡುಗನ ಹೆಸರು, ಅವನ ಅಪ್ಪನ ಹೆಸರು, ಈ ಸಲ ಪಾಸಾದನೋ ಇಲ್ಲವೋ ಎನ್ನುವುದು ಮನೆಯವರಿಗೆ ಗೊತ್ತಿರುತ್ತಿತ್ತು.

ಊಟದ ಜೊತೆಗೆ ಸಹವಾಸವೂ ಸಿಗುತ್ತಿತ್ತು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಇದ್ದವರೆಲ್ಲ ಆಗ ಹರೆಯದವರೇ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟಕ್ಕೆ ಹೆಸರಿಲ್ಲದ ಹುಡುಗರೂ ಹತ್ತಿ ಹೋಗಬಹುದಿತ್ತು, ಅದನ್ನು ನಡೆಸುತ್ತಿದ್ದ ಜಿ.ಬಿ. ಜೋಶಿಯವರ ಎದುರು ಕೂತು ಹರಟಬಹುದಿತ್ತು.

ನಾನು ಕಂಡಿದ್ದು ಇದೆಲ್ಲ ಮುಗಿಯುತ್ತಾ ಬಂದ ಕಾಲ. ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಾಗಲಕೋಟೆ ಕಡೆಯ ಇಬ್ಬರು ಇದ್ದರು. ವಾರಕ್ಕೆರಡು ಸಲ ಅವರಲ್ಲೊಬ್ಬ ಸೈಕಲ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದ, ಬುತ್ತಿ ತರಲು. ಅವ್ವ ಊರಲ್ಲಿ ಕೆಂಪು ಬಸ್ಸಿನ ಕಂಡಕ್ಟರ್ ಕೈಗೆ ಗಂಟು ಕೊಟ್ಟಿರುತ್ತಿದ್ದಳು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿಯಲ್ಲಿ ಪಲ್ಯ. ಮಳೆಗಾಲದಲ್ಲಿ ಬಸ್ ತಡವಾದರೆ ಪಲ್ಯ ಹಳಸುತ್ತಿತ್ತು. ಆಗ ನಮ್ಮಜ್ಜಿ ಗೊಣಗುತ್ತಲೇ ಸಾರು ಕೊಡುತ್ತಿದ್ದಳು. ಇಬ್ಬರಲ್ಲಿ ಒಬ್ಬ ಮಾಸ್ತರ ಆದ. ಇನ್ನೊಬ್ಬ ಊರಿಗೆ ಹೋಗಿ ದಾಳಿಂಬೆ ಹಾಕಿದ. ನಾಲ್ಕು ವರ್ಷದೊಳಗೆ ಇಬ್ಬರ ದಾರಿಯೂ ತೀರ್ಮಾನ ಆಗಿತ್ತು.

ಆ ನಾಲ್ಕು ವರ್ಷ ಈಗ ಎಂಟೋ ಹತ್ತೋ ಆಗಿದೆ. ಶಿಕ್ಷಕರ ನೇಮಕಾತಿಗೆ ಸಿಇಟಿ ಬಂತು, ಕೋಚಿಂಗ್ ಸೆಂಟರ್‌ಗಳು ಬಂದವು. ಹಿತ್ತಲಿನ ಖೋಲಿ ಹೋಗಿ ಮೂರಂತಸ್ತಿನ ಪಿಜಿ ಬಂತು. ಬೆಂಗಳೂರಿಗಿಂತ ಖರ್ಚು ಕಡಿಮೆ, ಊರಿಗೆ ಒಂದೇ ಬಸ್ಸು, ಸೀನಿಯರ್‌ಗಳೂ ಇಲ್ಲೇ. ಹಾಗಾಗಿ ಬರುವವರು ಬರುತ್ತಲೇ ಹೋದರು. 2016ರಲ್ಲಿ ಐಐಟಿಯೂ ಬಂತು. ಸಪ್ತಾಪುರಕ್ಕೂ ಅದಕ್ಕೂ ನಡುವೆ ಕೆಲವೇ ಕಿಲೋಮೀಟರ್, ಆದರೆ ಎರಡೂ ಬೇರೆ ದೇಶ ಎಂದುಕೊಳ್ಳಿ.

ಗಂಟು ಬಿಗಿಯಾಗಿದ್ದು 2021ರ ನಂತರ. ಆ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷ ಹಾಗೇ ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಇಂಗ್ಲಿಷ್ ಓದಿದರೆ ಮಾತ್ರ ಕನ್ನಡದ ಪ್ರಶ್ನೆ ತಿಳಿಯುತ್ತಿತ್ತು. ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅನುವಾದದ ತಕರಾರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಪಾಡು ಊಹಿಸಿಕೊಳ್ಳಿ.

ಇಷ್ಟರಲ್ಲಿ ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಆ ಜಾತಿಗಳೊಳಗೇ ಪಾಲು ಮಾಡಿ ಹಂಚುವುದು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ಮಾಡಿಕೊಟ್ಟಿತು. ಅದು ಜಾರಿಯಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಪಾಲು ಹೇಗಿರಬೇಕೆಂದು ಹೇಳಲು ನೇಮಿಸಿದ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ವರದಿ ಕೊಟ್ಟಿದ್ದು 2025ರ ಆಗಸ್ಟ್‌ನಲ್ಲಿ. ದಶಕಗಳಿಂದ ಕಾದವರ ಬೇಡಿಕೆ ಅದು, ನ್ಯಾಯವಾದದ್ದೇ. ಆದರೆ ಆ ಹತ್ತು ತಿಂಗಳಲ್ಲಿ ಪಿಜಿ ಬಾಡಿಗೆ ನಿಲ್ಲಲಿಲ್ಲ, ವಯಸ್ಸೂ ನಿಲ್ಲಲಿಲ್ಲ. ಕೂಗಾಟದ ನಂತರ ವಯೋಮಿತಿಯನ್ನು ಒಂದು ಬಾರಿಗೆ ಸಡಿಲಿಸಲಾಯಿತು. ಸರ್ಕಾರಿ ಇಲಾಖೆಗಳಲ್ಲಿ ಖಾಲಿ ಇರುವ ಹುದ್ದೆ ಎರಡೂವರೆ ಲಕ್ಷಕ್ಕೂ ಹೆಚ್ಚು ಎನ್ನುವ ಲೆಕ್ಕವನ್ನು ಇಲ್ಲಿ ಚಹಾದಂಗಡಿಯವನೂ ಹೇಳುತ್ತಾನೆ.

ಯುವನಿಧಿ ಇದೆಯಲ್ಲ ಎಂದು ಕೇಳುವವರಿದ್ದಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಈ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆದರೆ ಲೆಕ್ಕಕ್ಕೆ ಬರುವುದು 2022-23 ಮತ್ತು ಅದರ ನಂತರ ಪಾಸಾದವರು. 2017ರಲ್ಲೋ 2018ರಲ್ಲೋ ಡಿಗ್ರಿ ಮುಗಿಸಿ, ರದ್ದಾದ ಪರೀಕ್ಷೆಗಳನ್ನೆಲ್ಲ ಬರೆದವನು ಇದರೊಳಗೆ ಬರುವುದೇ ಇಲ್ಲ.

ನೇಮಕಾತಿ ಬೆಂಗಳೂರಿನ ಕೈಯಲ್ಲಿದೆ, ಒಪ್ಪೋಣ. ಊರಿನ ಕೈಯಲ್ಲಿ ಏನೂ ಇಲ್ವಾ? ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಶೇ 6ರಷ್ಟು ಗ್ರಂಥಾಲಯ ಸೆಸ್ ಇರುತ್ತದೆ. ಸಪ್ತಾಪುರದ ಪಿಜಿ ಕಟ್ಟಡಗಳಿಗೂ ಇದೆ. ಆ ದುಡ್ಡಿನಲ್ಲಿ ರಾತ್ರಿ ಹನ್ನೊಂದರವರೆಗೆ ತೆರೆದಿರುವ ಒಂದು ಓದುವ ಕೋಣೆ, ಹುಡುಗಿಯರು ಹೆದರದೆ ಪಿಜಿಗೆ ನಡೆದು ಹೋಗಲು ಆ ರಸ್ತೆಗೆ ನಾಲ್ಕು ದೀಪ ಕೇಳುವುದು ದೊಡ್ಡ ಮಾತಲ್ಲ. ಪರೀಕ್ಷೆ ಬಿಟ್ಟು ಬೇರೆ ಕೆಲಸ ಮಾಡಬೇಕು ಅನ್ನಿಸಿದವನಿಗೆ ಯಾರ ಹತ್ತಿರ ಹೋಗಿ ಕೇಳಬೇಕೆಂದೂ ತಿಳಿಯುವುದಿಲ್ಲ. ಮನೆಗೆ ಫೋನ್ ಮಾಡಿದರೆ ‘ಇನ್ನೊಂದು ವರ್ಷ ನೋಡು’ ಎನ್ನುತ್ತಾರೆ, ಕೋಚಿಂಗಿನವರೂ ಅದನ್ನೇ ಹೇಳುತ್ತಾರೆ. ಸಾಹಿತ್ಯ, ಸಂಗೀತದ ಕಾರ್ಯಕ್ರಮ ಇಲ್ಲಿ ದಿನಾ ಸಂಜೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಸಭೆಯಲ್ಲಿ ನರೆತ ತಲೆಗಳೇ ಜಾಸ್ತಿ. ಹುಡುಗರು ಬರಲ್ಲ ಎಂದು ಗೊಣಗುತ್ತೇವೆ. ಬನ್ನಿ ಎಂದು ಕರೆಯಲು ಸಪ್ತಾಪುರದವರೆಗೆ ಹೋದವರನ್ನು ನಾನು ನೋಡಿಲ್ಲ. ನಾನೂ ಹೋಗಿಲ್ಲ.

1962ರಲ್ಲಿ ಹುಬ್ಬಳ್ಳಿಯ ಜೊತೆ ಒಂದಾದ ಪಾಲಿಕೆಯಿಂದ ಧಾರವಾಡವನ್ನು ಬೇರೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. ನಮ್ಮ ಊರಿಗೆ ನಮ್ಮದೇ ಪಾಲಿಕೆ ಬಂದರೆ ನಮ್ಮ ಕೆಲಸ ಆಗುತ್ತದೆ ಎಂಬ ಖುಷಿ ಊರಿನವರಿಗಿದೆ. ವಾರ್ಡಿನ ನಕ್ಷೆಯಲ್ಲಿ ಈ ಅಭ್ಯರ್ಥಿಗಳು ಎಲ್ಲಿ ಬರುತ್ತಾರೆ ಎಂದು ಕೇಳಿದರೆ ಉತ್ತರ ಸುಲಭ. ಎಲ್ಲೂ ಇಲ್ಲ. ಅವರ ವೋಟು ಅವರವರ ಊರಲ್ಲಿದೆ. ಮತದಾನದ ಹಿಂದಿನ ರಾತ್ರಿ ಬ್ಯಾಗ್ ಹಾಕಿಕೊಂಡು ಬಸ್ ಹತ್ತುತ್ತಾರೆ. ರೀಡಿಂಗ್ ರೂಮಿನ ಮಾಲೀಕರು ಆ ಎರಡು ದಿನ ಕುರ್ಚಿಗಳನ್ನು ಮಗುಚಿಟ್ಟು ನೆಲ ತೊಳೆಸುತ್ತಾರೆ, ಫ್ಯಾನ್ ರಿಪೇರಿ ಮಾಡಿಸುತ್ತಾರೆ.