ಹಿಟ್ಟು ತಿಂದವನ ಲೆಕ್ಕ

ನಮ್ಮ ಚಿಕ್ಕಪ್ಪನ ಮಗ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಾನೆ. ಮಂಡ್ಯದ ಸುತ್ತಮುತ್ತ ಎಲ್ಲಿ ಕಟಾವಿದ್ದರೂ ಬೆಳಿಗ್ಗೆ ಆರಕ್ಕೆಲ್ಲ ಗದ್ದೆಯಲ್ಲಿರಬೇಕು. ಹೋದ ಸೀಸನ್ನಿನಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದೆ, ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಹಾಕಿಕೊಂಡಿದ್ದ. ಯಾರೋ ಹೇಳಿದರು ಅಂತ ಫೋನಿಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಸಿಕೊಂಡ. ವಯಸ್ಸು 34, ಎತ್ತರ 168 ಸೆಂ.ಮೀ., ತೂಕ 58 ಕೆ.ಜಿ. ಎಲ್ಲ ತುಂಬಿದ ಮೇಲೆ ಅದು ಕೇಳಿತು: ವಾರಕ್ಕೆ ಎಷ್ಟು ದಿನ ವ್ಯಾಯಾಮ ಮಾಡುತ್ತೀರಿ? ಇವನು ಜಿಮ್ಮಿನ ಬಾಗಿಲು ಕಂಡವನಲ್ಲ. ‘ಇಲ್ಲ’ ಅಂತ ಒತ್ತಿದ. ದಿನಕ್ಕೆ 1758 ಕ್ಯಾಲೊರಿ ಸಾಕು ಎಂದು ಬಂತು.

“ಅಣ್ಣಾ, ಇದು ಒಂದಿನಾನಾರ ಕಬ್ಬು ಕಡ್ದದಾ?” ಎಂದು ಫೋನನ್ನು ನನ್ನ ಮುಂದೆ ಹಿಡಿದ.

ಕಡಿದಿಲ್ಲ, ನಿಜ. ಆದರೆ ಅದು ಲೆಕ್ಕದಲ್ಲಿ ತಪ್ಪಿಲ್ಲ. ಸುಮ್ನೆ ಮಲಗಿದ್ದರೂ ಹೃದಯ, ಮಿದುಳು, ಲಿವರ್, ಕಿಡ್ನಿ ಕೆಲಸ ನಿಲ್ಲಿಸುವುದಿಲ್ಲ. ಅದಕ್ಕೆ ತಗಲುವ ಖರ್ಚನ್ನು ಮೂಲ ಖರ್ಚು ಅನ್ನೋಣ. ಇದಕ್ಕೆ 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಬಹಳ ಬಳಕೆಯಲ್ಲಿದೆ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿ. ವಯಸ್ಸಿನ ಐದರಷ್ಟನ್ನು ಕಳೆಯಿರಿ. ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ. ನಮ್ಮವನಿಗೆ 1465 ಬರುತ್ತದೆ. ಅದನ್ನು ಕುಳಿತು ಕೆಲಸ ಮಾಡುವವರ 1.2ರಿಂದ ಗುಣಿಸಿದರೆ 1758. (ನಾವು ಮಾತಿನಲ್ಲಿ ಕ್ಯಾಲೊರಿ ಅನ್ನುವುದು ನಿಜಕ್ಕೂ ಕಿಲೋ ಕ್ಯಾಲೊರಿ, ಅಂದರೆ ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ.)

ಎಡವಟ್ಟು ಆಗಿದ್ದು ಪ್ರಶ್ನೆಯಲ್ಲಿ. ಸಂಜೆ ಒಂದು ಗಂಟೆ ಓಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ ಪ್ರಶ್ನೆ ಅದು. ಹೊಟ್ಟೆಪಾಡಿಗೆ ಬೆವರು ಸುರಿಸುವವನು ಅದನ್ನು ವ್ಯಾಯಾಮ ಅಂತ ಯಾವತ್ತಾದರೂ ಕರೆಯುತ್ತಾನಾ?

ಹಾಗಾದರೆ ಭಾರ ಎತ್ತುವುದನ್ನೇ ಲೆಕ್ಕ ಹಾಕೋಣ ಅಂದುಕೊಂಡೆ. ‘ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ’ ಅಂತ ನಮ್ಮ ಕಡೆ ಗಾದೆ. ಹಿಟ್ಟು ಅಂದರೆ ಮುದ್ದೆ. ಕೀಳುವುದು ಬೇಡ, ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತಿದರೆ ಎಷ್ಟಾಗುತ್ತದೆ? ಏರಿಕೆ 250 ಮೀಟರ್ ಎಂದು ಹಿಡಿಯಿರಿ. 58 ಕಿಲೋ ದೇಹವನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾದ್ದು ಬರೀ 34 ಕ್ಯಾಲೊರಿ. ನಮ್ಮ ಸ್ನಾಯು ತಿಂದದ್ದರಲ್ಲಿ ನಾಲ್ಕನೇ ಅಥವಾ ಐದನೇ ಒಂದು ಪಾಲನ್ನು ಮಾತ್ರ ಕೆಲಸವಾಗಿಸುತ್ತದೆ, ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಐದರಲ್ಲಿ ಒಂದು ಎಂದಿಟ್ಟುಕೊಂಡರೂ 170 ಕ್ಯಾಲೊರಿ. ತಾಯಿಯ ದರ್ಶನಕ್ಕೆ ಅರ್ಧ ಮುದ್ದೆ ಸಾಕು!

ಅದೇ ಲೆಕ್ಕದಲ್ಲಿ 30 ಕಿಲೋ ಕಬ್ಬಿನ ಹೊರೆಯನ್ನು ಎರಡು ಮೀಟರ್ ಎತ್ತರದ ಲಾರಿಗೆ ಎತ್ತಲು ಒಂದು ಕ್ಯಾಲೊರಿಯೂ ಬೇಡ. ಇದನ್ನು ಹೇಳಿದಾಗ ಅವನು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಆದರೆ ಅವನ ದಿನ ಬರೀ ಹೊರೆ ಎತ್ತುವುದಲ್ಲ. ಸೊಂಟ ಬಗ್ಗಿಸಿ ಬುಡಕ್ಕೆ ಮಚ್ಚು ಹಾಕಬೇಕು. ಜಲ್ಲೆ ಎತ್ತಿ ಗರಿ ಸವರಬೇಕು, ತುದಿ ತರಿಯಬೇಕು, ಪಕ್ಕಕ್ಕೆ ಹಾಕಿ ಮತ್ತೆ ಬಗ್ಗಬೇಕು. ಹೀಗೆ ನೂರಾರು ಸಲ. ಪ್ರತಿ ಸಲವೂ ಮೊದಲು ತನ್ನ ದೇಹದ ಭಾರವನ್ನೇ ಇಳಿಸಿ ಏರಿಸುತ್ತಾನೆ. ಖರ್ಚು ಕೂಡುವುದು ಭಾರದಿಂದಲ್ಲ, ಹೊತ್ತಿನಿಂದ.

ಆದ್ದರಿಂದ ಕೆಲಸದ ಹೆಸರು ಬಿಟ್ಟು ಗಂಟೆ ಎಣಿಸಿದೆವು. ಮಲಗಿದಾಗಿನ ಖರ್ಚು ಒಂದು ಎಂದರೆ ಕೂತು ಮಾತಾಡುವುದು ಸುಮಾರು ಒಂದೂವರೆ, ನಡೆಯುವುದು ಮೂರು, ಕಬ್ಬು ಕಡಿಯುವುದು ಐದೂವರೆಯ ಆಸುಪಾಸು, ಹೊರೆ ಹೊತ್ತು ಹಲಗೆ ಹತ್ತುವುದು ಏಳು. ಎಂಟು ಗಂಟೆ ನಿದ್ದೆ, ಎರಡು ಗಂಟೆ ನಡಿಗೆ, ಒಂದು ಗಂಟೆ ಲೋಡು. ಕಡಿಯುವುದು “ಬೆಳಗಿಂದ ಮಧ್ಯಾಹ್ನದ ಗಂಟ” ಅಂದ. ಮಚ್ಚು ಮಸೆಯುವುದು, ಬೀಡಿ, ಟೀ, ಲಾರಿ ಕಾಯುವುದು ಎಲ್ಲ ಕಳೆದರೆ ನಾಲ್ಕೇ ಗಂಟೆ ಉಳಿಯಿತು. ಮಿಕ್ಕ ಒಂಬತ್ತು ಗಂಟೆ ಕೂತದ್ದು, ಉಂಡದ್ದು. ಎಲ್ಲ ಗುಣಿಸಿ 24ರಿಂದ ಭಾಗಿಸಿದರೆ 2.35. ವಿಶ್ವಸಂಸ್ಥೆಯ ಆಹಾರ ತಜ್ಞರು ತೀರಾ ಶ್ರಮದ ಬದುಕಿಗೆ ಇಟ್ಟಿರುವ ಮಟ್ಟ 2ರಿಂದ 2.4. ಅದರಾಚೆಗೆ ತಿಂಗಳುಗಟ್ಟಲೆ ದುಡಿದು ತೂಕ ಉಳಿಸಿಕೊಳ್ಳುವುದು ಕಷ್ಟ ಎನ್ನುತ್ತಾರೆ.

1465 ಗುಣಿಸು 2.35 ಎಂದರೆ 3440ರ ಸುಮಾರು. ಪಾಶ್ಚಾತ್ಯರ ಮೇಲೆ ಕಟ್ಟಿದ ಸೂತ್ರ ನಮ್ಮವರಿಗೆ ತುಸು ಜಾಸ್ತಿ ತೋರಿಸುತ್ತದೆ. ಶೇ. 5 ತಗ್ಗಿಸಿದರೆ 3270. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಪಟ್ಟಿಯಲ್ಲಿ 65 ಕಿಲೋ ತೂಕದ ಗಂಡಸಿಗೆ ಕೂತ ಕೆಲಸವಾದರೆ 2110, ಮಧ್ಯಮ ಶ್ರಮಕ್ಕೆ 2710, ಕಠಿಣ ಶ್ರಮಕ್ಕೆ 3470 ಎಂದಿದೆ. ಏಳು ಕಿಲೋ ಕಮ್ಮಿ ಇರುವ ನಮ್ಮವನಿಗೆ 3270 ಎಂದರೆ ಹೊಂದುತ್ತದೆ.

ಅಷ್ಟಕ್ಕೇ ನಿಲ್ಲಿಸುವ ಹಾಗಿಲ್ಲ. ಕಾರ್ಖಾನೆ ಕಟಾವಿನ ಪರ್ಮಿಟ್ ಕೊಡದ ದಿನ ಇರುತ್ತದೆ, ಮಳೆ ಇರುತ್ತದೆ, ಊರಹಬ್ಬ ಇರುತ್ತದೆ. ವಾರಕ್ಕೆ ಐದು ದಿನ ಕೆಲಸ, ಎರಡು ದಿನ ಜಗಲಿ ಎಂದು ಸರಾಸರಿ ತೆಗೆದರೆ 2900ಕ್ಕೆ ಇಳಿಯುತ್ತದೆ. ಕಡಿದ ದಿನ ಹಸಿವು ಕಮ್ಮಿ, ಬಿಸಿಲಿಗೆ ಊಟ ಸೇರುವುದಿಲ್ಲ. ರಜೆಯ ದಿನ ಹಸಿವು ಜಾಸ್ತಿ. ದೇಹ ದಿನದ ಲೆಕ್ಕ ಇಡುವುದಿಲ್ಲ, ವಾರದ ಲೆಕ್ಕ ಇಡುತ್ತದೆ.

ಈಗ ತಿನ್ನುವ ಕಡೆಯ ಲೆಕ್ಕ. ಒಂದು ಮುದ್ದೆಗೆ ಎಷ್ಟು ಕ್ಯಾಲೊರಿ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಡಿಗೆಮನೆಯ ಪುಟ್ಟ ತಕ್ಕಡಿ ತಂದೆ. ಅವನ ಹೆಂಡತಿ ಎಸರಿಗೆ ಹಾಕುವ ಮೊದಲೇ ಹಿಟ್ಟು ತೂಗಿಕೊಂಡೆವು. ತೊಳಸಿ, ಕಟ್ಟಿ, ಹಬೆಯಾಡುವ ಮುದ್ದೆಯನ್ನು ತಟ್ಟೆ ಸಮೇತ ತಕ್ಕಡಿಗೆ ಇಟ್ಟು, ತಟ್ಟೆಯ ತೂಕ ಕಳೆದಾಗ 320 ಗ್ರಾಂ ಬಂತು. ಅದರಲ್ಲಿ ಹಿಟ್ಟು 110 ಗ್ರಾಂ, ಮಿಕ್ಕದ್ದು ನೀರು. ನೂರು ಗ್ರಾಂ ರಾಗಿ ಹಿಟ್ಟಿಗೆ 320 ಕ್ಯಾಲೊರಿ, ಅಂದರೆ ಈ ಮುದ್ದೆಗೆ 350. ತೂಗಬೇಕಾದದ್ದು ಹಿಟ್ಟನ್ನು, ಮುದ್ದೆಯನ್ನಲ್ಲ. ಅಂದಹಾಗೆ ಆ ಹಿಟ್ಟಿಗೂ ಮಂಡ್ಯಕ್ಕೂ ನಂಟಿದೆ. ಇಂಡಾಫ್ ಎಂಬ ರಾಗಿ ತಳಿಗಳನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಬೆಳೆಸಿದವರು ‘ರಾಗಿ ಲಕ್ಷ್ಮಣಯ್ಯ’. ಇಂಡಿಯಾದ ರಾಗಿ, ಆಫ್ರಿಕಾದ ರಾಗಿ ಎರಡನ್ನೂ ಕೂಡಿಸಿದ್ದಕ್ಕೇ ಆ ಹೆಸರು.

ದಿನಕ್ಕೆ ನಾಲ್ಕು ಮುದ್ದೆ, ರಾತ್ರಿ ಅನ್ನ, ಉಪ್ಸಾರು, ಟೀ, ಒಗ್ಗರಣೆ ಎಣ್ಣೆ ಎಲ್ಲ ಸೇರಿ ಸರಾಸರಿ 2600 ತಿನ್ನುತ್ತಿದ್ದ. ನಾಲ್ಕು ವಾರ ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಕ ನೋಡಿಕೊಂಡ. ಒಂದು ದಿನದ ಏರಿಳಿತಕ್ಕೆ ಬೆಲೆಯಿಲ್ಲ. ಮಧ್ಯಾಹ್ನ ಒಂದೂವರೆ ಕಿಲೋ ಇಳಿದರೆ ಅದು ಬೆವರು. ಮೊದಲ ವಾರದ ಸರಾಸರಿಯನ್ನು ನಾಲ್ಕನೇ ವಾರದ ಸರಾಸರಿಗೆ ಹೋಲಿಸಿದಾಗ 21 ದಿನಕ್ಕೆ 400 ಗ್ರಾಂ ಇಳಿದಿತ್ತು. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. 400 ಗ್ರಾಮಿಗೆ 3080, ದಿನಕ್ಕೆ 147. ಹಾಗಾದರೆ ಅವನ ನಿಜವಾದ ಖರ್ಚು 2750.

ಕಾಗದದ 2900 ಎಲ್ಲಿ ಹೋಯಿತು? ತಿಂದದ್ದನ್ನು ಬರೆಯುವಾಗ ನಾವು ಮರೆತದ್ದಿರಬಹುದು. ಇನ್ನೊಂದು ಕಾರಣವೂ ಉಂಟು. ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ ಸೇರಿಸಿದ ನೀರು ಕುಡಿಸಿ ಮೂತ್ರ ಪರೀಕ್ಷಿಸುವ ವಿಧಾನವಿದೆ. ಹೈಡ್ರೋಜನ್ ನೀರಾಗಿ ಮಾತ್ರ ಹೊರಹೋಗುತ್ತದೆ, ಆಕ್ಸಿಜನ್ ನೀರಾಗಿಯೂ ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ಖರ್ಚು ಗೊತ್ತಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ತಂಡ ಹೀಗೆ ಟಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನು ಅಳೆದು 2012ರಲ್ಲಿ ಪ್ರಕಟಿಸಿತು. ದಿನವೆಲ್ಲ ನಡೆಯುವ ಅವರ ಖರ್ಚು, ದೇಹದ ಗಾತ್ರ ಸರಿದೂಗಿಸಿದಾಗ, ಅಮೆರಿಕದ ಪೇಟೆಯವರಿಗಿಂತ ಅಷ್ಟೇನೂ ಜಾಸ್ತಿ ಇರಲಿಲ್ಲ. ದುಡಿದು ದುಡಿದು ಪಳಗಿದ ದೇಹ ಬೇರೆ ಕಡೆ ಕೈ ಬಿಗಿ ಹಿಡಿಯುತ್ತದೆ ಎಂಬುದು ಪಾಂಟ್ಜರ್ ವಾದ. ಎಲ್ಲರೂ ಒಪ್ಪಿಲ್ಲ. ನನಗಂತೂ ತಕ್ಕಡಿಯ ಮೇಲೆ ನಂಬಿಕೆ ಜಾಸ್ತಿ.

ಕೊರತೆ ತುಂಬಲು ಐದನೇ ಮುದ್ದೆ ಅವನಿಗೆ ಸೇರಲಿಲ್ಲ, ಹೊಟ್ಟೆ ತುಂಬಿ ಬಗ್ಗಲಾಗುವುದಿಲ್ಲ ಅಂದ. ಮೂವತ್ತು ಗ್ರಾಂ ಕಡಲೆಕಾಯಿ ಬೀಜ, ಅಷ್ಟೇ ಬೆಲ್ಲ ಜೇಬಿಗೆ ಹಾಕಿಕೊಂಡು ಹೊರಟ. ಸುಮಾರು 270 ಕ್ಯಾಲೊರಿ, ಹಿಡಿಯಷ್ಟು ಜಾಗದಲ್ಲಿ.

ಇಷ್ಟೆಲ್ಲ ಆಗುವಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅದೇ ಗ್ಯಾಂಗಿನಲ್ಲಿ ಹೊರೆ ಕಟ್ಟುವವಳು. “ಬಾವ, ನಂದೂ ಒಂದ್ ಲೆಕ್ಕ ಹಾಕಿ” ಅಂದಳು. ಅದೇ ಹಾಳೆ ತಿರುವಿ ಗೆರೆ ಎಳೆದೆ. ನಿದ್ದೆ ಆರು ಗಂಟೆ. ಒಲೆ, ನೀರು, ಹಸುವಿನ ಹುಲ್ಲು, ಗದ್ದೆ, ಮತ್ತೆ ಒಲೆ. ಗಂಡನ ಪಟ್ಟಿಯಲ್ಲಿ ಕೂತದ್ದು ಒಂಬತ್ತು ಗಂಟೆ ಇತ್ತಲ್ಲ, ಆ ಸಾಲಿಗೆ ಬಂದಾಗ ಅವಳು ಬೆರಳು ಮಡಚಿ ಎಣಿಸಿದಳು. ಟೀ ಕುಡಿಯುವುದನ್ನೂ ಸೇರಿಸಿ ನಾಲ್ಕಾಯಿತು.