ಗಾಳಿ ಎಷ್ಟಿಡಲಿ? ಚಾಕ್‌ಪೀಸ್ ಹೇಳುತ್ತದೆ

ಆಟೋಕ್ರಾಸ್‌ಗೆ, ಅಂದರೆ ಕೋನ್‌ಗಳ ನಡುವಿನ ದಾರಿಯಲ್ಲಿ ಸಮಯದ ಲೆಕ್ಕದಲ್ಲಿ ಕಾರು ಓಡಿಸುವ ಸ್ಪರ್ಧೆಗೆ, ಮೊದಲ ಸಲ ಬಂದವರು ಕಾರಿನಿಂದ ಇಳಿಯುತ್ತಲೇ ಕೇಳುವುದು, "ಸರ್, ಗಾಳಿ ಎಷ್ಟಿಡಲಿ?" ನಾನು ತಿರುಗಿ ಕೇಳುತ್ತೇನೆ, "ಚಾಕ್‌ಪೀಸ್ ತಂದಿದ್ದೀರಾ?"

ಬಹುತೇಕರ ಕಾರಿನಲ್ಲಿರುವುದು ದಿನವೂ ಕೆಲಸಕ್ಕೆ ಹೋಗಿಬರುವ ಆಲ್ ಸೀಸನ್ ಟೈರೇ. ಮಳೆಗೂ ಚಳಿಗೂ ಒದಗಲೆಂದು ಅದರ ಟ್ರೆಡ್‌ನಲ್ಲಿ, ಅಂದರೆ ನೆಲಕ್ಕೆ ತಾಗುವ ಪಟ್ಟಿಯಲ್ಲಿ, ಆಳವಾದ ತೋಡುಗಳು, ಸಣ್ಣ ಸೀಳುಗಳು. ಆರಾಮಕ್ಕೆಂದು ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಮೆತ್ತಗೆ. ಕೋನ್ ಸುತ್ತ ಜೋರಾಗಿ ತಿರುಗಿಸಿದರೆ ಈ ಮೆತ್ತನೆಯ ಗೋಡೆ ಮಡಚಿಕೊಂಡು ಟೈರಿನ ಅಂಚೇ ನೆಲ ಉಜ್ಜತೊಡಗುತ್ತದೆ. ಓಡುವಾಗ ಚಪ್ಪಲಿ ಹೊರಳಿ ಕಾಲು ಪಕ್ಕಕ್ಕೆ ಜಾರಿದ ಹಾಗೆ. ಇಲ್ಲಿ ಹೆಚ್ಚು ಗಾಳಿ ಹಾಕುವುದು ಆ ಗೋಡೆಯನ್ನು ನೆಟ್ಟಗೆ ನಿಲ್ಲಿಸಲಿಕ್ಕೆ, ಬೇರೇನಕ್ಕೂ ಅಲ್ಲ.

ಕಾರು ಕಂಪನಿ ಹೇಳುವ ಒತ್ತಡ ಬರೆದಿರುವ, ಬಾಗಿಲ ಚೌಕಟ್ಟಿನ ಸ್ಟಿಕರ್ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅನ್ನುತ್ತಿದ್ದರೆ, ಮುಂದಿನ ಚಕ್ರ ಎಳೆಯುವ ಕಾರಿಗೆ ನಾನು ಮುಂದೆ 40, ಹಿಂದೆ 36ರಿಂದ ಶುರು ಮಾಡುತ್ತೇನೆ. ಎಂಜಿನ್ ಭಾರ, ಎಳೆತ, ತಿರುವು ಎಲ್ಲವೂ ಮುಂದಿನ ಟೈರುಗಳ ತಲೆಯ ಮೇಲೇ ಅಲ್ಲವೇ? ಟೈರಿನ ಮೇಲೆಯೇ ಅಚ್ಚಾಗಿರುವ ಗರಿಷ್ಠ ಒತ್ತಡವನ್ನಂತೂ ತಣ್ಣಗಿರುವಾಗ ದಾಟಬೇಡಿ.

ಇನ್ನು ಚಾಕ್‌ಪೀಸ್. ಟ್ರೆಡ್ ಮುಗಿದು ಸೈಡ್‌ವಾಲ್ ಶುರುವಾಗುವಲ್ಲಿ ಚಿಕ್ಕದೊಂದು ತ್ರಿಕೋನದ ಗುರುತು ಇರುತ್ತದೆ; ಕೆಲವು ಟೈರುಗಳಲ್ಲಿ ಬಗ್ಗಿ ಹುಡುಕಬೇಕು. ಟ್ರೆಡ್‌ನಿಂದ ಸೈಡ್‌ವಾಲ್‌ವರೆಗೆ ಅಡ್ಡಲಾಗಿ, ಚಕ್ರದ ಸುತ್ತ ಮೂರು ಕಡೆ ದಪ್ಪ ಗೆರೆ ಎಳೆಯಿರಿ. ಒಂದು ರನ್, ಅಂದರೆ ಕೋನ್‌ಗಳ ದಾರಿಯಲ್ಲಿ ಒಂದು ಓಟ, ಮುಗಿಸಿ ಬಂದು ನೋಡಿ. ತ್ರಿಕೋನದ ತುದಿಯವರೆಗೆ ಸುಣ್ಣ ಅಳಿಸಿದ್ದರೆ ಸರಿಯಿದೆ. ಅದನ್ನೂ ದಾಟಿ ಸೈಡ್‌ವಾಲ್‌ಗೆ ಇಳಿದಿದ್ದರೆ 2 ಪಿಎಸ್‌ಐ ಏರಿಸಿ. ಟ್ರೆಡ್ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ ಇಳಿಸಿ.

ಒಬ್ಬ ಹುಡುಗ ಯಾರದೋ ಮಾತು ಕೇಳಿ ನಾಲ್ಕೂ ಚಕ್ರಕ್ಕೆ 50 ತುಂಬಿಸಿಕೊಂಡು ಬಂದಿದ್ದ. ಸ್ಟೀರಿಂಗ್ ಬಲು ಚುರುಕಾಗಿದೆ ಎಂದು ಖುಷಿಯೋ ಖುಷಿ. ರನ್ ಮುಗಿದ ಮೇಲೆ ಅಂಚಿನ ಸುಣ್ಣ ಒಂದು ಬೆರಳಗಲ ಹಾಗೇ ಇತ್ತು: ಟ್ರೆಡ್‌ನ ನಡುಭಾಗವಷ್ಟೇ ಕೆಲಸ ಮಾಡಿತ್ತು. 42ಕ್ಕೆ ಇಳಿಸಿದ ಮೇಲೆ ಕಾರು ಹಿಡಿದ ದಾರಿ ಬಿಡಲಿಲ್ಲ.

ಪ್ರತಿ ರನ್‌ನಲ್ಲೂ ಟೈರ್ ಕಾಯುತ್ತದೆ, ಒತ್ತಡ ಏರುತ್ತದೆ. ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐ ಎಂದಿಟ್ಟುಕೊಳ್ಳಿ. ಹಾಗಾಗಿ ಬಂದು ನಿಂತ ಕೂಡಲೇ, ದಿನವಿಡೀ ಒಂದೇ ಗೇಜ್‌ನಿಂದ ಅಳೆದು ಬರೆದಿಡಿ. ಪಕ್ಕದವರ ಗೇಜ್ 2 ಪಿಎಸ್‌ಐ ಹೆಚ್ಚುಕಮ್ಮಿ ತೋರಿಸಿದರೂ ತಲೆಕೆಡಿಸಿಕೊಳ್ಳಬೇಡಿ.

ಮುಂಭಾಗ ಸರಿಹೋದ ಮೇಲೂ ಕಾರು ತಿರುವಿನಲ್ಲಿ ಮೂಗು ತಿರುಗಿಸದೆ ಹೊರಗೆ ಸರಿಯುತ್ತಿದ್ದರೆ ಹಿಂದಿನ ಟೈರಿಗೆ 2 ಪಿಎಸ್‌ಐ ಸೇರಿಸಿ ನೋಡಿ. ಹಿಂದಿನ ಹಿಡಿತ ತುಸು ಸಡಿಲಾಗಿ ಕಾರು ಸಲೀಸಾಗಿ ತಿರುಗುತ್ತದೆ. ಬಾಲ ಬೀಸತೊಡಗಿದರೆ ಸಾಕು, ನಿಲ್ಲಿಸಿ.

ಹೊರಡುವಾಗ ಬಿಸಿ ಟೈರನ್ನು ಸ್ಟಿಕರ್‌ನ 32ಕ್ಕೇ ಇಳಿಸಿಬಿಟ್ಟರೆ ಮರುದಿನ ಬೆಳಿಗ್ಗೆ ಅದು 28ಕ್ಕೆ ಬಂದು ಕೂತಿರುತ್ತದೆ. ನಾಲ್ಕು ಹೆಚ್ಚೇ ಬಿಟ್ಟು ಹೊರಡಿ; ಬೆಳಿಗ್ಗೆ ತಣ್ಣಗಿರುವಾಗ ಸರಿಮಾಡಿದರಾಯಿತು.