ಪದ ಪರಿಚಯ: ಅಗ್ರೋಇಕಾಲಜಿ, ಆಹಾರ ನ್ಯಾಯ ಮತ್ತು ಕುಮಟಾದ ಗಜನಿ

ರಾಸಾಯನಿಕ ಗೊಬ್ಬರ, ಔಷಧಿ ಹಾಕದೆ ಬೆಳೆಯುವುದೇ ಅಗ್ರೋಇಕಾಲಜಿ ಅಂತ ಕಾಲೇಜು ಹುಡುಗರು ಬರೆದರೆ ಅರ್ಧ ಅಂಕ ಕೊಡಬಹುದು. ಅದು ಸಾವಯವ ಕೃಷಿಯ ಮಾತಾಯಿತು. ಅಗ್ರೋಇಕಾಲಜಿ, ಅಂದರೆ ಕೃಷಿ ಪರಿಸರ ವಿಜ್ಞಾನ, ಇನ್ನೂ ಮುಂದೆ ಹೋಗುತ್ತದೆ. ನೀರು, ಮಣ್ಣು, ಬೀಜ, ಮೀನು, ಹುಳ ಒಂದಕ್ಕೊಂದು ಏನು ಕೊಡುತ್ತವೆ ಅಂತ ನೋಡುತ್ತದೆ. ಬೀಜ ಯಾರ ಮನೆಯಲ್ಲಿದೆ, ಕಟ್ಟೆ ಒಡೆದರೆ ಯಾರು ಬರುತ್ತಾರೆ ಅಂತಲೂ ಕೇಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೆ 10 ಅಂಶಗಳ ಪಟ್ಟಿಯನ್ನೇ ಮಾಡಿದೆ. ಅದನ್ನು ಸುಮ್ನೆ ಬಾಯಿಪಾಠ ಮಾಡುವ ಬದಲು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಕಡೆ ಹೋಗಿಬರುವುದು ಒಳ್ಳೆಯದು.

ಅಲ್ಲಿರುವುದು ಗಜನಿ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಅಂಚಿನ, ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆಗಳು. ಬೇರೆ ಭತ್ತ ಸೊರಗಿ ಹೋಗುವ ಆ ಮಣ್ಣಿನಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮುಂಗಾರು ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಕಗ್ಗದ ಗಿಡ ಎತ್ತರ. ಕೆಲವು ದಿನ ನೆರೆಯಲ್ಲಿ ನಿಂತರೂ ಸಾಯುವುದಿಲ್ಲ. ಗೊಬ್ಬರದ ಚೀಲ ಗಜನಿಗೆ ಬರುವುದೇ ಇಲ್ಲ. ಕೊಯ್ಲಿನಲ್ಲಿ ಮೇಲಿನ ತೆನೆಯನ್ನಷ್ಟೇ ಕೊಯ್ದು ಬುಡವನ್ನು ಹಾಗೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಹಲಗೆ ಬಾಗಿಲು ತೆಗೆದರೆ, ಉಬ್ಬರದ ನೀರಿನ ಜೊತೆ ಮೀನುಮರಿ, ಶೆಟ್ಲಿ (ಸಿಗಡಿ) ಮರಿ ಒಳಗೆ ಬರುತ್ತವೆ. ಕೊಳೆತ ಹುಲ್ಲಿನ ಬುಡ ಅವಕ್ಕೆ ಮೇವು. ಮೀನಿನ ಹಿಕ್ಕೆ, ಅಳಿವೆಯ ಕೆಸರು ಮುಂದಿನ ಭತ್ತಕ್ಕೆ ಗೊಬ್ಬರ. ಪಠ್ಯಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವ ಪೋಷಕಾಂಶ ಚಕ್ರ ಇಲ್ಲಿ ಒಂದು ಹಲಗೆಯ ಮೇಲೆ ನಡೆಯುತ್ತದೆ.

ಇದನ್ನು ಒಬ್ಬರೇ ಮಾಡಲಾಗದು. ಎಲ್ಲರ ಗದ್ದೆಗೂ ಕಟ್ಟೆ ಒಂದೇ, ಬಾಗಿಲು ಒಂದೇ. ಒಬ್ಬ ರೈತ ಮಳೆಗಾಲದಲ್ಲೂ ಉಪ್ಪುನೀರು ಒಳಗೇ ಇರಲಿ ಅಂದರೆ ಪಕ್ಕದವರ ಭತ್ತ ಹೋದ ಹಾಗೆಯೇ. ಏಡಿ ಕೊರೆದ ತೂತು ಯಾರ ಗದ್ದೆಯ ಎದುರಿಗಿದ್ದರೂ ಮುಚ್ಚುವುದು ಎಲ್ಲರ ಕೆಲಸ. ಸಮುದಾಯ ಕೃಷಿ ಅಂದರೆ ಒಟ್ಟಿಗೆ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದಲ್ಲ, ಅಲ್ವಾ? ಎನ್‌ಎಸ್‌ಎಸ್‌ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳು ಇಲ್ಲಿ ಒಂದು ದಿನ ಕೆಸರು ಹೊತ್ತರೆ ಸಾಕು, ಕೈಗೆ ಗೊತ್ತಾಗುತ್ತದೆ.

ಎರಡನೇ ಪದ ಆಹಾರ ನ್ಯಾಯ. ಆಹಾರ ಭದ್ರತೆ ಅಂದರೆ ಎಲ್ಲರಿಗೂ ಉಣ್ಣಲು ಸಿಗಬೇಕು ಎಂಬುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಪಡಿತರ ಅಕ್ಕಿ ಎಲ್ಲ ಅದರದ್ದೇ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಆಹಾರ ನ್ಯಾಯ ಇನ್ನಷ್ಟು ಕೇಳುತ್ತದೆ: ಬೆಳೆಯುವ ಜಾಗ ಯಾರದ್ದು, ಏನು ಬೆಳೆಯಬೇಕು ಅಂತ ಹೇಳುವವರು ಯಾರು, ಲಾಭ ಯಾರ ಕೈಗೆ, ಬೆಳೆದವರ ತಟ್ಟೆಯಲ್ಲಿ ಏನಿದೆ?

1990ರ ದಶಕದ ಸಿಗಡಿ ಕೃಷಿಯನ್ನೇ ನೋಡಿ. ಹೊರದೇಶದ ಬೆಲೆಗೆ ಮರುಳಾಗಿ ಕರಾವಳಿಯ ಎಷ್ಟೋ ಗಜನಿಗಳು ಸಿಗಡಿ ಕೆರೆಗಳಾದವು. ಭತ್ತ ನಿಂತಿತು. ಆಮೇಲೆ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಸತ್ತಿತು. ದುಡ್ಡು ಹಾಕಿದವರ ನಷ್ಟವನ್ನಾದರೂ ಲೆಕ್ಕ ಹಾಕಬಹುದು. ಕಗ್ಗದ ಗಂಜಿ, ಕಾಲುವೆಯ ಮೀನು ನಂಬಿಕೊಂಡು ಬದುಕಿದ್ದವರ ನಷ್ಟ ಯಾವ ಲೆಕ್ಕಕ್ಕೂ ಬರಲಿಲ್ಲ. ಇಳಿತದಲ್ಲಿ ಅಳಿವೆಗೆ ಇಳಿದು ಬಳಚು (ಚಿಪ್ಪುಮೀನು) ಆಯುವವರಲ್ಲಿ ತುಂಡು ಜಮೀನೂ ಇಲ್ಲದವರಿದ್ದಾರೆ. ಅವರ ಹೊಲವೂ ಅದೇ ಕೆಸರು, ಪಹಣಿಯಲ್ಲಿ ಅವರ ಹೆಸರಿಲ್ಲ ಅಷ್ಟೇ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು. ಹಕ್ಕಿಗಳಿಗೆ ಒಳ್ಳೆಯದೇ. ಆದರೆ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಹಕ್ಕಿಗಳ ಜೊತೆ ಬಳಚಿನ ಬುಟ್ಟಿಗಳನ್ನೂ ಎಣಿಸಲಿ.

ಶಿರಸಿಯ ಮಕ್ಕಳು ಇಷ್ಟು ದೂರ ಬರಬೇಕಿಲ್ಲ. ಅವರಲ್ಲಿ ಸೊಪ್ಪಿನ ಬೆಟ್ಟವಿದೆ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಳಸುವ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಅಗ್ರೋಇಕಾಲಜಿಗೆ ಒಳ್ಳೆಯ ಉದಾಹರಣೆ. ಆಹಾರ ನ್ಯಾಯದ ಪ್ರಶ್ನೆಯನ್ನೂ ಅಲ್ಲೇ ಕೇಳಬೇಕು: ಈ ಸವಲತ್ತು ತೋಟ ಇದ್ದವರಿಗೆ. ಅದೇ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಸ್ವಂತ ತೋಟ ಇಲ್ಲದಿದ್ದರೆ ಬೆಟ್ಟದಲ್ಲಿ ಅವನ ಪಾಲೆಷ್ಟು?